ಕಣ್ಣು ಕದಲದ ಹೊತ್ತು

ಓಂಕಾರಮೂರ್ತಿಯ ಕಣ್ಣು ಲಿಂಗದ ಮೇಲೆ ನಿಂತಿತು. ಇನ್ನು ಸ್ವಲ್ಪ ಹೊತ್ತು ಅದು ಅಲ್ಲಿಂದ ಕದಲುವುದಿಲ್ಲ. ಎಡ ಅಂಗೈಯ ಮೇಲೆ ಲಿಂಗ, ಎದುರಿಗೆ ದೀಪ, ಲಿಂಗದ ಕಪ್ಪು ನುಣುಪಿನಲ್ಲಿ ಆ ದೀಪದ ಸಾಸಿವೆ ಕಾಳಿನಷ್ಟು ಚುಕ್ಕಿ. ರೆಪ್ಪೆ ಬಡಿಯದೆ ಆ ಚುಕ್ಕಿಯನ್ನೇ ನೋಡುತ್ತಿರಬೇಕು, ಒಳಗೆ ಪಾತ್ರೆ ಬಿದ್ದರೂ ತಿರುಗಬಾರದು. ಪಕ್ಕದ ಮಣೆಯ ಮೇಲೆ ಕೂತ ತೀರ್ಥಮ್ಮನ ಅಂಗೈಯಲ್ಲೂ ಲಿಂಗವಿತ್ತು, ಅದರಲ್ಲೂ ಒಂದು ಚುಕ್ಕಿಯಿತ್ತು. ಆದರೆ ಅವಳು ನೋಡುತ್ತಿದ್ದದ್ದು ಗಂಡನನ್ನು. ಬೆಳಿಗ್ಗೆಯ ಪೂಜೆ ಮತ್ತು ಸಂಜೆಯ ಪೂಜೆ, ಇವೆರಡರಲ್ಲೇ ಅವನನ್ನು ಹೀಗೆ ಕಣ್ತುಂಬ ನೋಡಲು ಸಾಧ್ಯವಾಗುತ್ತಿತ್ತು. ಬೇರೆ ಹೊತ್ತಿನಲ್ಲಿ ನೋಡಿದರೆ ಅವನು ಏನು ಎಂದು ಕೇಳುತ್ತಿದ್ದ, ಅವಳಿಗೆ ಹೇಳಲು ಏನೂ ಇರುತ್ತಿರಲಿಲ್ಲ. ಕಿವಿಯ ಮೇಲಿನ ನರೆತ ಕೂದಲು, ಭುಜದ ಮೇಲೆ ಒಣಗುತ್ತಿದ್ದ ವಿಭೂತಿಯ ಗೆರೆಗಳು, ಮದುವೆಯಾದ ಹೊಸತರಲ್ಲಿ ಅವಳು ಕತ್ತಲಲ್ಲೂ ಬೆರಳಿಟ್ಟು ಹುಡುಕಬಲ್ಲವಳಾಗಿದ್ದ ಕತ್ತಿನ ಮಚ್ಚೆ. ತುಟಿ ಮಾತ್ರ ಬೇರೆ ಯಾರದೋ ಅನ್ನಿಸುತ್ತಿತ್ತು. ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸಿ ಅಗಿದು ಅಗಿದು ಕೆಂಪು ಮೀರಿ ಕಪ್ಪಾಗಿದ್ದ ತುಟಿ ಈಗ ಬಿಳಚಿಕೊಂಡಿತ್ತು. ಹೆಂಡತಿ ನೇಮ ಹಿಡಿದ ಮೇಲೆ ತನ್ನದೂ ಒಂದಿರಲಿ ಎಂದು ಹೊಗೆಸೊಪ್ಪು ಬಿಟ್ಟಿರಬೇಕೆಂದು ಅವಳು ಅಂದುಕೊಂಡಿದ್ದಳು. ಕೇಳಿರಲಿಲ್ಲ. ಕೇಳಿದರೆ ನೇಮದ ಮಾತು ಬರುತ್ತಿತ್ತು, ಮತ್ತು ನೇಮವೆಂಬುದು ಇರಲೇ ಇಲ್ಲ.

ಹೋದ ಯುಗಾದಿಗೂ ಹಿಂದಿನ ಯುಗಾದಿಯ ಆಸುಪಾಸು, ಹಾಸಿಗೆ ಮಡಿಸುವಾಗ ದುಪ್ಪಟಿಯ ಮೇಲೆ ಕಂಡದ್ದು. ಮುಟ್ಟು ನಿಂತು ವರ್ಷದ ಮೇಲಾಗಿತ್ತು. ನಿಂತದ್ದು ಮತ್ತೆ ಬಂತೇನೋ ಎಂದು ಸುಮ್ಮನಾದಳು. ಮತ್ತೊಂದು ಸಲ ಹಾಗೇ ಆಯಿತು. ಮೂರನೆಯ ಸಲ ಅರ್ಥವಾಯಿತು, ಅದು ತಾನಾಗಿ ಬರುವುದಲ್ಲ, ಅವನು ಹತ್ತಿರ ಬಂದ ರಾತ್ರಿಯ ಮಾರನೆ ದಿನ ಬರುವುದು. ಬುಕ್ಕಾಂಬುಧಿ ಕೆರೆಯ ಸೋಪಾನದ ಮೇಲೆ ಯಾರೂ ಬರುವ ಮೊದಲು ದುಪ್ಪಟಿ ಒಗೆದಳು. ನೀರಿನಲ್ಲಿ ಬಣ್ಣ ಬಿಟ್ಟು ಹೋಗುವುದನ್ನು ನೋಡುತ್ತ ನೋಡುತ್ತ ಮೂಗಿಗೆ ಮಲ್ಲಿಗೆಯ ವಾಸನೆ ಬಂತು. ತರೀಕೆರೆಯಲ್ಲಿ ಅಕ್ಕ ಭಾಗಮ್ಮ ಕೊನೆಗಾಲದಲ್ಲಿ ಮಲಗಿದ್ದ ಕೋಣೆಯ ವಾಸನೆ ಅದು. ಅಕ್ಕನ ಗರ್ಭಕೋಶದ ಬಾಯಿಗೆ ಹತ್ತಿದ್ದ ಕಾಯಿಲೆ ಹೊರಗೆ ತಿಳಿಯುವಷ್ಟರಲ್ಲಿ ಬೆನ್ನಿಗೂ ಇಳಿದಿತ್ತು. ತನ್ನ ಮೈಯ ವಾಸನೆ ಬಂದವರಿಗೆ ತಾಕಬಾರದೆಂದು ಅಕ್ಕ ದಿನಾ ಮಲ್ಲಿಗೆ ತರಿಸಿ ದಿಂಬಿನ ಸುತ್ತ ಇಡಿಸುತ್ತಿದ್ದಳು. ಎರಡೂ ಕೂಡಿಕೊಂಡು ಒಂದೇ ಆಗಿಬಿಟ್ಟಿದ್ದವು. ಅಂದಿನಿಂದ ತೀರ್ಥಮ್ಮ ಮುಡಿಯುವುದು ಸೇವಂತಿಗೆ ಮಾತ್ರ.

ಹಾಗಾಗಿ ಒಂದು ದಿನ ಊಟವಾದ ಮೇಲೆ ಅವನು ಮೆತ್ತಗೆ ಅವಳ ಕೈ ಹಿಡಿದಾಗ ಬಾಯಿಂದ ಆ ಮಾತು ಬಂದುಬಿಟ್ಟಿತು. ಅವತ್ತು ಸೋಮವಾರ, ಹೆಂಗಸರ ಜೊತೆ ಮಠಕ್ಕೆ ಹೋಗಿ ಬಂದಿದ್ದಳು. ಬುದ್ಧಿಯವರ ಪಾದ ಮುಟ್ಟಿ ನೇಮ ಹಿಡಿದಿದ್ದೇನೆ, ಇನ್ನು ಬೇರೆ ಮಲಗಬೇಕು ಎಂದಳು. ಎಷ್ಟು ದಿನದ್ದು ಎಂದಷ್ಟೇ ಅವನು ಕೇಳಿದ. ಹೇಳಕ್ಕಾಗಲ್ಲ ಎಂದಳು. ಆಗಲಿ ಎಂದು ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಹೋದ. ಒಂದು ಸಲ ಜಗಳವಾಡಬಹುದಿತ್ತು, ನಗಬಹುದಿತ್ತು, ಈ ವಯಸ್ಸಿನಲ್ಲಿ ಎಂಥ ನೇಮವೇ ಎನ್ನಬಹುದಿತ್ತು. ಅಂದಿದ್ದರೆ ಅವಳು ಅತ್ತು ಎಲ್ಲ ಹೇಳಿಬಿಡುತ್ತಿದ್ದಳೇನೋ. ಅವನು ಚಾಪೆ ಸದ್ದು ಮಾಡದ ಹಾಗೆ ಹಾಸಿಕೊಂಡ. ಮಾರನೆ ದಿನ ಅವಳ ಕಾಲ ಬಳಿ ಇನ್ನೊಂದು ಕಂಬಳಿ ಇತ್ತು, ಅವನದೇ ಕಂಬಳಿ. ಒಬ್ಬಳೇ ಮಲಗಿದರೆ ಚಳಿಯಾದೀತೆಂದು.

ಪೂಜೆ ಮುಗಿಸಿ ಅವನು ಅಟ್ಟ ಹತ್ತಿದ. ತೀರ್ಥಮ್ಮ ಕೆಳಗೆ ನಿಂತು, ಪಕ್ಕದ ಮನೆಯ ದುರ್ಗಮ್ಮ ಅಜ್ಜಂಪುರಕ್ಕೆ ಆಸ್ಪತ್ರೆಯ ಕ್ಯಾಂಪಿಗೆ ಹೋಗುತ್ತಾಳೆ, ಜೊತೆಗೆ ಹೋಗಿ ಬರುತ್ತೇನೆ ಎಂದಳು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವನು ಒಣಗಲು ಬಿಟ್ಟಿದ್ದ ತೆಂಗಿನಕಾಯಿಗಳನ್ನು ಒಂದೊಂದಾಗಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಲೊಡಲೊಡ ಎನ್ನುತ್ತದೆ. ಅನ್ನದಿದ್ದರೆ, ಇನ್ನೂ ಹೊತ್ತಿದೆ ಎಂದು ಅದಕ್ಕೇ ಸಮಾಧಾನ ಹೇಳುವವನಂತೆ ಮೆಲ್ಲಗೆ ಮತ್ತೆ ಅಲ್ಲೇ ಇಡುತ್ತಿದ್ದ. ಒಡೆಯದೆ ಒಳಗಿನದನ್ನು ಹೇಳುವ ಅವನ ಕಿವಿಯನ್ನು ಕಡೂರಿನ ಮಂಡಿಯವರು ನಂಬುತ್ತಿದ್ದರು. ಕೈಯಲ್ಲಿದ್ದ ಕಾಯಿ ಕೆಳಗಿಟ್ಟು, ಬಿಸಿಲಿದೆ, ಛತ್ರಿ ತಗೊಂಡು ಹೋಗು ಎಂದ.

ಬಸ್ಸಿನಲ್ಲಿ ದುರ್ಗಮ್ಮ ಕಿಟಕಿಯ ಪಕ್ಕ ಕೂರಲಿಲ್ಲ. ನಿನಗೆ ತಲೆ ಸುತ್ತುತ್ತದೆ ಎಂದು ತೀರ್ಥಮ್ಮನನ್ನೇ ಕೂರಿಸಿದಳು. ಮುಂದಿನ ಸೀಟಿನಲ್ಲಿ ಆಶಾ ಕಾರ್ಯಕರ್ತೆ ಪ್ರತಿಮಾ, ಇನ್ನೂ ಮೂವತ್ತರೊಳಗಿನ ಹುಡುಗಿ, ಹಿಂದೆ ತಿರುಗಿ ಎಲ್ಲರಿಗೂ ಧೈರ್ಯ ಹೇಳುತ್ತಿದ್ದಳು. ಮನೆ ಮನೆಗೆ ಬಂದು ಹೇಳಿದ್ದನ್ನೇ ಮತ್ತೆ ಹೇಳಿದಳು. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ, ಶಿವಮೊಗ್ಗದಿಂದ ಡಾಕ್ಟರು ಹೊಸ ಮಿಷನ್ನು ತಂದಿದ್ದಾರೆ, ಬರೀ ಬೆಳಕು ಬಿಟ್ಟು ನೋಡುತ್ತಾರೆ, ಕಾಯಿಲೆ ಇನ್ನೂ ಕಾಯಿಲೆ ಆಗುವ ಮುಂಚೆಯೇ ಗೊತ್ತಾಗುತ್ತದೆ.

"ನಮ್ಮ ಯಜಮಾನಂಗೆ ನಲವತ್ತು ವರ್ಸ ಆದ್ರೂ ಕಾಣ್ದೇ ಇದ್ದದ್ದು ಇವ್ರ ಬ್ಯಾಟ್ರಿಗೆ ಕಾಣ್ತದಾ?" ಎಂದಳು ದುರ್ಗಮ್ಮ.

"ಯಜಮಾನ್ರು ದೀಪ ಆರಿಸ್ತಿದ್ರು ಕಣಜ್ಜಿ, ಇವ್ರು ಹಚ್ತಾರೆ," ಎಂದಳು ಪ್ರತಿಮಾ. ಬಸ್ಸಿನ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು. ತೀರ್ಥಮ್ಮನೂ ನಕ್ಕಳು, ನಗು ಮುಗಿದ ಮೇಲೂ ಮುಖದಲ್ಲಿ ಅದನ್ನು ಹಾಗೇ ಹಿಡಿದುಕೊಂಡಿದ್ದಳು.

ದುರ್ಗಮ್ಮನ ಸೊಸೆ ಒಮ್ಮೆ ಜಗುಲಿಯಲ್ಲಿ ಹೊರಗೆ ಕೂತವಳು ಎಷ್ಟು ದಿನವಾದರೂ ಒಳಗೆ ಬಂದಿರಲಿಲ್ಲ. ಆ ಮನೆಯಲ್ಲಿ ಹೆಂಗಸು ಮುಟ್ಟಾದರೆ ಕೇರಿಗೆಲ್ಲ ತಿಳಿಯುತ್ತಿತ್ತು. ಅವಳ ತಟ್ಟೆ ಬೇರೆ, ಲೋಟ ಬೇರೆ. ಇದೇನೋ ಸರಿಯಿಲ್ಲ ಎಂದು ದುರ್ಗಮ್ಮನೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು, ಹುಡುಗಿ ಉಳಿದಳು. ತೀರ್ಥಮ್ಮನ ಅತ್ತೆ ಮಾತ್ರ ಆ ಜಗುಲಿಯ ಕಡೆ ನೋಡಿ, ಕೊರಳಲ್ಲಿ ಲಿಂಗ ಇದ್ದೋರಿಗೆ ಮೈಲಿಗೆ ಎಲ್ಲಿಯದು ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಅದು ದೊಡ್ಡ ಮಾತೇ. ಮದುವೆಯಾಗಿ ಬಂದ ಮೊದಲ ತಿಂಗಳು, ಹೊಟ್ಟೆನೋವಿನಲ್ಲಿ ಒಲೆಯ ಮುಂದೆ ಕೂತಿದ್ದವಳನ್ನು ಅತ್ತೆ ಕೈಹಿಡಿದು ಎಬ್ಬಿಸಿ ಪೂಜೆಯ ಮಣೆಯ ಮೇಲೆ ಕೂರಿಸಿದ್ದರು. ಆ ಕೈಯ ಬಿಸುಪನ್ನು ತೀರ್ಥಮ್ಮ ಮರೆತಿಲ್ಲ. ಆದರೆ ರಕ್ತ ಲೆಕ್ಕಕ್ಕೇ ಬಾರದ ಮನೆಯಲ್ಲಿ ಅದು ತಪ್ಪಾಗಿ ಬಂದರೂ ಯಾರ ಲೆಕ್ಕಕ್ಕೂ ಬರುವುದಿಲ್ಲ. ಎಂದಿನಂತೆ ಸ್ನಾನ, ಎಂದಿನಂತೆ ಪೂಜೆ. ಅಷ್ಟು ಒಳ್ಳೆಯ ಮನೆಯೊಳಗೆ ಅಷ್ಟು ಸುಲಭವಾಗಿ ಅಡಗಿಕೊಳ್ಳಬಹುದೆಂದು ಅವಳು ಎಣಿಸಿರಲಿಲ್ಲ.

ಅಜ್ಜಂಪುರದ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಹಸಿರು ಪರದೆ ಕಟ್ಟಿದ್ದರು. ಪರದೆಯ ಈಚೆ ಬೆಂಚಿನ ಮೇಲೆ ಸರದಿಯವರು, ಆಚೆ ಮೇಜು ಮತ್ತು ಡಾಕ್ಟರು. ಆಚೆಯ ಮಾತು ಈಚೆಗೆ ಕೇಳುತ್ತಿತ್ತು. ದುರ್ಗಮ್ಮ ಒಳಗೆ ಹೋಗಿ, ಡಾಕ್ಟರನ್ನೂ ಒಂದೆರಡು ಸಲ ನಗಿಸಿ, ಹೊರಬಂದು, ಎಲ್ಲ ಸರಿ ಐತಂತೆ ಎಂದು ಸ್ವಲ್ಪ ನಿರಾಸೆಯಲ್ಲೇ ಎನ್ನುವಂತೆ ಹೇಳಿದಳು. ತೀರ್ಥಮ್ಮನ ಹೆಸರು ಕೂಗಿದರು. ಡಾಕ್ಟರ್ ತನುಜಾ ತೀರ್ಥಮ್ಮನ ಮಗಳು ಅಶ್ವಿನಿಗಿಂತ ನಾಲ್ಕಾರು ವರ್ಷ ದೊಡ್ಡವಳಿರಬಹುದು. ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ವಯಸ್ಸು, ಮಕ್ಕಳು, ಮುಟ್ಟು ನಿಂತದ್ದು ಎಲ್ಲ ಕೇಳಿ, ತಲೆ ಎತ್ತದೆಯೇ, ಗಂಡನ ಜೊತೆ ಸೇರಿದ ಮೇಲೆ ರಕ್ತ ಹೋಗುತ್ತದೆಯೇ ಎಂದು ಕೇಳಿದಳು. ಪರದೆಯ ಆಚೆ ಬೆಂಚು ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ಎಲ್ಲರೂ ತನ್ನ ಉತ್ತರಕ್ಕೇ ಕಾಯುತ್ತಿದ್ದಾರೆಂದು ತೀರ್ಥಮ್ಮನಿಗೆ ಅನ್ನಿಸಿತು. ಇಲ್ಲ, ನಮ್ಮಲ್ಲಿ ನೇಮ, ಎಂದಳು. ಹೇಳಿದ ಮೇಲೆ ಕಿವಿ ಸುಟ್ಟ ಹಾಗಾಯಿತು. ಗಂಡನಿಗೆ ಹೇಳಿದ ಸುಳ್ಳು ಒಂದು ತರಹ. ಇಷ್ಟು ದೂರ ಬಂದು, ಕಾಪಾಡಲೆಂದೇ ಕೂತಿರುವವಳ ಮುಂದೆ ಅದನ್ನೇ ಹೇಳುವುದು ಇನ್ನೊಂದು ತರಹ. ತನುಜಾ ಪೆನ್ನು ಕೆಳಗಿಟ್ಟು ಅವಳನ್ನೊಮ್ಮೆ ನೋಡಿದಳು. ಆಮೇಲೆ ಪ್ರತಿಮಾಳನ್ನು ಕರೆದು, ಬೆಂಚಿನವರನ್ನು ಹೊರಗೆ ಬೇವಿನ ಮರದ ಕೆಳಗೆ ಕೂರಿಸಿ ನೀರು ಕೊಡು, ಸೆಖೆಯಿದೆ ಎಂದಳು. ಸೆಖೆ ಅಷ್ಟೇನೂ ಇರಲಿಲ್ಲ.

ಮೇಜಿನ ಮೇಲೆ ಮಲಗಿದಾಗ ಮೊದಲು ನೆನಪಾದದ್ದು ಹಿಮ್ಮಡಿಯ ಒಡಕು. ಕಾಲು ಮಡಿಸಿ ಅಗಲಿಸಿ ಇಟ್ಟಾಗ ಅವೇ ಎಲ್ಲಕ್ಕಿಂತ ಮುಂದೆ ಇದ್ದವು, ಕೆರೆಯಂಗಳದ ಮಣ್ಣಿನಂತೆ. ಲಂಗದ ಅಂಚಿಗೆ ಬೇರೆ ಬಣ್ಣದ ದಾರದಲ್ಲಿ ಹಾಕಿದ್ದ ಹೊಲಿಗೆಯೂ ಕಾಣುತ್ತಿರಬೇಕು. ಒಳ್ಳೆಯದನ್ನೇ ಉಟ್ಟು ಬರಬೇಕೆಂದು ತೆಗೆದಿಟ್ಟಿದ್ದಳು. ಉಟ್ಟರೆ ಅವನಿಗೆ ಏನಾದರೂ ತಿಳಿದೀತೆಂದು ಮತ್ತೆ ಪೆಟ್ಟಿಗೆಗೆ ಹಾಕಿದ್ದಳು. ಮಲಗಿದೊಡನೆ ಕೊರಳ ಶಿವದಾರ ಹಿಂದಕ್ಕೆ ಜಾರಿ ಲಿಂಗದ ಗಂಟು ಗಂಟಲಿಗೆ ಒತ್ತಿತು. ಎತ್ತಿಕೊಳ್ಳಲು ಕೈ ಬರಲಿಲ್ಲ, ಎರಡೂ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು. ಪ್ರತಿಮಾ ಅದನ್ನು ಕಂಡಳು. ಆ ಹುಡುಗಿಯ ಕೊರಳಲ್ಲಿ ಲಿಂಗವಿಲ್ಲ. ಮುಟ್ಟಬಹುದೋ ಬಾರದೋ ಎಂದು ಒಂದು ಗಳಿಗೆ ತಡೆದು, ಕೈಯನ್ನು ಸೀರೆಗೆ ಒರೆಸಿಕೊಂಡು, ಗಂಟನ್ನು ಎತ್ತಿ ತೀರ್ಥಮ್ಮನ ಎಡ ಅಂಗೈ ಬಿಡಿಸಿ ಅದರೊಳಗಿಟ್ಟು ಬೆರಳು ಮುಚ್ಚಿದಳು. ಅಷ್ಟು ಸರಿಯಾಗಿ ಎಡಗೈಯನ್ನೇ ಅವಳು ಹೇಗೆ ಆರಿಸಿದಳೋ.

ಉಪಕರಣವನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿದ್ದರು. ತನುಜಾ ಏನು ಮಾಡುವ ಮುಂಚೆಯೂ ಈಗ ಇದು ಮಾಡುತ್ತೇನೆ ಎಂದು ಹೇಳುತ್ತಿದ್ದಳು. ಈಗ ಹುಳಿ ವಾಸನೆಯ ನೀರು ಸವರುತ್ತೇನೆ, ಸ್ವಲ್ಪ ಉರಿಯಬಹುದು. ಈಗ ಬಿಳಿ ಬೆಳಕು. ಈಗ ಹಸಿರು, ಇದರಲ್ಲಿ ರಕ್ತದ ನಾಳಗಳು ಕಪ್ಪಗೆ ಕಾಣುತ್ತವೆ. ಪೆನ್ನಿನಷ್ಟು ತೆಳ್ಳಗಿನ ಕೋಲೊಂದನ್ನು ತೋರಿಸಿ, ಈಗ ಇದರಿಂದ ನೀಲಿ ಬೆಳಕು ಎಂದಳು. ಬೆಳಕು ಹೋಗಿ ಮುಟ್ಟಿ ಹಿಂದಕ್ಕೆ ಬರುತ್ತದೆ, ಬರುವಾಗ ಅಲ್ಲಿನ ಜೀವಕಣ ಹೇಗಿದೆ ಎಂಬ ಸುದ್ದಿ ತರುತ್ತದೆ. ಒಳ್ಳೆಯ ಕಣದಿಂದ ಬರುವುದೇ ಬೇರೆ, ಕೆಡಲು ಹೊರಟದ್ದರಿಂದ ಬರುವುದೇ ಬೇರೆ. ನಮ್ಮ ಕಣ್ಣಿಗೆ ತಿಳಿಯದ ವ್ಯತ್ಯಾಸವನ್ನು ಮಿಷನ್ನು ಓದುತ್ತದೆ. ತೀರ್ಥಮ್ಮ ಛಾವಣಿಯ ತೇವದ ಕಲೆಯನ್ನು ನೋಡುತ್ತಿದ್ದಳು. ಎಷ್ಟೋ ಕಾಲದಿಂದ ತನ್ನನ್ನು ಯಾರೂ ಮುಟ್ಟಿಲ್ಲ. ಈಗ ಮುಟ್ಟುತ್ತಿರುವುದು ತೂಕವಿಲ್ಲದ, ಉಸಿರಿಲ್ಲದ ಒಂದು ಬೆಳಕು, ಅದಕ್ಕೂ ಮೈ ನಡುಗುತ್ತಿದೆ. ಅವನು ಕತ್ತಲಲ್ಲಿ ಮೊದಲು ಅವಳ ಹಣೆ ಮುಟ್ಟುತ್ತಿದ್ದ, ಜ್ವರ ನೋಡುವವರ ಹಾಗೆ, ಹಿಂಗೈಯಿಂದ. ಅಡಿಕೆ ಹೊಗೆಸೊಪ್ಪಿನ ಘಾಟು ಆಮೇಲೆ ಬರುತ್ತಿತ್ತು. ಆ ಘಾಟಿಗಾಗಿ ಅವಳು ಪಡಸಾಲೆಯ ಗೂಟಕ್ಕೆ ತೂಗುಹಾಕಿದ ಹಳೆಯ ಸಂಚಿಯನ್ನು ಅವನಿಲ್ಲದಾಗ ಮೂಸಿ ನೋಡಿದ್ದುಂಟು. ಕಣ್ಣಿನ ಮೂಲೆಯಿಂದ ನೀರು ಇಳಿದು ಕಿವಿಯೊಳಗೆ ಹೋಯಿತು.

"ನೇಮ ಇಲ್ಲ ಡಾಕ್ಟ್ರೇ," ಎಂದಳು ಛಾವಣಿಗೆ. "ರಕ್ತ ಹೋಗ್ತಿತ್ತು. ಅದಕ್ಕೇ ಬ್ಯಾಡ ಅಂದೆ."

ತನುಜಾ ಆಶ್ಚರ್ಯಪಡಲಿಲ್ಲ. ನೋಡಬೇಕೆಂದಿದ್ದರೆ ನೋಡಿ ಎಂದು ಟೀವಿಯಂಥ ಪೆಟ್ಟಿಗೆಯನ್ನು ಅವಳ ಕಡೆ ತಿರುಗಿಸಿದಳು. ತನ್ನ ಒಳಗೆ ಹೀಗಿದೆಯೆಂದು ತೀರ್ಥಮ್ಮ ಯಾವತ್ತೂ ಯೋಚಿಸಿರಲಿಲ್ಲ. ಗುಲಾಬಿ ಬಣ್ಣದ, ಒದ್ದೆಯಾಗಿ ಮಿನುಗುವ ಒಂದು ದುಂಡು. ನಡುವೆ ಸಣ್ಣ ಬಾಯಿ. ಅಶ್ವಿನಿ ಬಂದ ದಾರಿ. ಬಾಯಿಯ ಅಂಚಿನಲ್ಲಿ ಚೆರ್ರಿ ಹಣ್ಣಿನ ಚೂರಿನಂಥ ಕೆಂಪು ಮೊಳಕೆ ತೂಗುತ್ತಿತ್ತು. ತನುಜಾ ಬೆರಳಿಟ್ಟು ತೋರಿಸಿದಳು. ತಾಕಿದಾಗ ರಕ್ತ ಬರುತ್ತಿದ್ದದ್ದು ಬಹುಶಃ ಇದರಿಂದ. ಇಂಥದ್ದು ಎಷ್ಟೋ ಜನರಿಗೆ ಇರುತ್ತದೆ, ಹೆಚ್ಚಿನವು ಏನೂ ಮಾಡುವುದಿಲ್ಲ, ತಿರುಚಿ ತೆಗೆದರೆ ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ತೀರ್ಥಮ್ಮ ಅದನ್ನೇ ನೋಡಿದಳು. ಇಷ್ಟು ಚಿಕ್ಕದು. ಇಷ್ಟು ಚಿಕ್ಕದಕ್ಕೆ ಎರಡು ಹಾಸಿಗೆ.

ಆದರೆ ಇದು ನೋಡಿ, ಎಂದು ತನುಜಾಳ ಬೆರಳು ಇನ್ನೊಂದು ಕಡೆ ಸರಿಯಿತು. ಗುಲಾಬಿಯ ಮೇಲೆ, ಒಡೆದ ಹಾಲಿನ ಕೆನೆಯಂಥ ಒಂದು ಬಿಳಿ ತೇಪೆ. ನೀಲಿ ಬೆಳಕಿನ ಸುದ್ದಿ ಇಲ್ಲಿ ಸರಿಯಿಲ್ಲ. ಇದು ಕ್ಯಾನ್ಸರ್ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಮುಂಚಿನದಿರಬಹುದು, ಶಿವಮೊಗ್ಗದಲ್ಲಿ ಒಂದು ಚೂರು ತೆಗೆದು ನೋಡಬೇಕು. ಈ ಹಂತದಲ್ಲೇ ಇದ್ದರೆ ಅಷ್ಟನ್ನೇ ತೆಗೆಯಬಹುದು, ಗರ್ಭಕೋಶವೂ ಉಳಿಯುತ್ತದೆ, ನೀವೂ ಉಳಿಯುತ್ತೀರಿ. ಬಿಟ್ಟರೆ ಮಾತ್ರ ಹೇಳಲಾಗದು. ಆ ಬಿಳಿಯದಕ್ಕೆ ನೋವಿಲ್ಲ, ರಕ್ತವಿಲ್ಲ, ಅದು ತಾನಾಗಿ ಸುಳಿವು ಕೊಡುತ್ತಿರಲಿಲ್ಲ. ಆ ಕೆಂಪಿನ ಭಯಕ್ಕಲ್ಲವೇ ನೀವು ಇವತ್ತು ಬಂದದ್ದು ಎಂದಳು. ಗುರುವಾರ ಬನ್ನಿ, ಮನೆಯವರನ್ನು ಕರೆದುಕೊಂಡು ಬನ್ನಿ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ನಮ್ಮ ಅಮ್ಮನೂ ಯಾರಿಗೂ ಹೇಳಿರಲಿಲ್ಲ ಎಂದಳು.

ವಾಪಸ್ಸು ಬರುವ ಬಸ್ಸಿನಲ್ಲಿ ತೀರ್ಥಮ್ಮ, ಗುರುವಾರ ಶಿವಮೊಗ್ಗಕ್ಕೆ ಹೋಗಬೇಕಂತೆ ಎಂದಷ್ಟೇ ಹೇಳಿದಳು. ದುರ್ಗಮ್ಮ ಕಿತ್ತಳೆ ಹಣ್ಣು ಸುಲಿದು ತೊಳೆ ತೊಳೆಯಾಗಿ ಬಿಡಿಸಿ, ಬೀಜ ತೆಗೆದು ಕೊಡುತ್ತ ಬಂದಳು. ಊರಿನ ಕೆರೆ ಏರಿ ಕಂಡ ಮೇಲೆ ಮಾತ್ರ, ಬೇಕಾದರೆ ನಾನೇ ಜೊತೆಗೆ ಬರುತ್ತೇನೆ ಕಣೇ, ಎಂದು, ಮತ್ತೆ ತಾನೇ ತಲೆಯಾಡಿಸಿದಳು. "ನಾನು ಬಂದ್ರೆ ಆಗದು. ಅವರಿಗೆ ಹೇಳು. ಬಾಯಿ ಕಟ್ಕೊಂಡು ಹೋದ ನಿಮ್ಮಕ್ಕನ ಹಂಗೆ ಆಗ್ಬ್ಯಾಡ." ಏರಿಯಾಚೆ ನೀರು ಸಂಜೆಯ ಬಣ್ಣಕ್ಕೆ ತಿರುಗಿತ್ತು. ಹೇಳುವುದು ಹೇಗೆ. ಕಾಯಿಲೆಯನ್ನು ಹೇಳಬಹುದು. ನೇಮವನ್ನು ಅವನು ಎಷ್ಟು ಗೌರವದಿಂದ ಕಾಪಾಡಿದ; ನೆಂಟರು ಬಂದಾಗ ಅವಳ ಕೋಣೆಗೆ ಯಾರನ್ನೂ ಮಲಗಲು ಬಿಡಲಿಲ್ಲ. ಅದು ಸುಳ್ಳೆಂದು ಹೇಳಿದರೆ ಅವನ ಅಷ್ಟು ದಿನದ ಒಳ್ಳೆಯತನವನ್ನೆಲ್ಲ ಬೀದಿಗೆ ಸುರಿದ ಹಾಗೆ. ಹೇಳದೆ ದುರ್ಗಮ್ಮನ ಜೊತೆ ಗುರುವಾರ ಹೋಗಿ ಬಂದುಬಿಟ್ಟರೆ? ಮತ್ತೆ ಛತ್ರಿ ಕೊಟ್ಟು ಕಳಿಸುತ್ತಾನೆ. ಪಡಸಾಲೆಯಲ್ಲಿ ಚಾಪೆ ಹಾಸಿಕೊಳ್ಳುತ್ತಾನೆ. ಅಷ್ಟೇ, ಕೊನೆಯವರೆಗೆ.

ಕೈಕಾಲು ತೊಳೆದು ಬರುವಷ್ಟರಲ್ಲಿ ಅವನು ದೀಪ ಹಚ್ಚಿ ಎರಡು ಮಣೆ ಹಾಕಿದ್ದ. ವಿಭೂತಿ, ನೀರು, ಪತ್ರೆ. ಅವನ ಕಣ್ಣು ಲಿಂಗದ ಮೇಲೆ ನಿಂತಿತು. ತೀರ್ಥಮ್ಮ ಕಾದಳು. ಅವನು ತನ್ನ ಕಡೆ ನೋಡಲಾರದ ಈ ಹೊತ್ತು ಬಿಟ್ಟರೆ ತನಗೆ ಇನ್ನೊಂದು ಸಿಗುವುದಿಲ್ಲ. ಪೂಜೆಯ ನಡುವೆ ಮಾತಾಡಬಾರದು. ಆ ಮನೆಯಲ್ಲಿ ಯಾರೂ ಆಡಿದವರಲ್ಲ.

"ರೀ," ಎಂದಳು. "ನಂಗೆ ರಕ್ತ ಹೋಗ್ತಿತ್ತು."

ಅವನ ಕಣ್ಣು ಅಲ್ಲೇ ಇತ್ತು. ಅವಳು ಅವನ ಕಿವಿಯನ್ನು ನೋಡುತ್ತ ಉಳಿದದ್ದನ್ನೆಲ್ಲ ಹೇಳಿದಳು: ದುಪ್ಪಟಿ, ಕೆರೆಯ ಸೋಪಾನ, ಅಕ್ಕನ ಕೋಣೆ, ಬೆಳಕು, ಬಿಳಿಯ ತೇಪೆ, ಗುರುವಾರ. ಕೊನೆಗೆ, ನೇಮವೂ ಸುಳ್ಳು ಎಂದಳು. ಅವನ ಅಂಗೈಯ ಲಿಂಗದಲ್ಲಿ ದೀಪದ ಚುಕ್ಕಿ ಅಲುಗುತ್ತಿತ್ತು.

"ನೇಮ ಇಲ್ಲ ಅಂತ ಗೊತ್ತಿತ್ತು ಕಣೇ," ಎಂದ ಅವನು, ಲಿಂಗವನ್ನೇ ನೋಡುತ್ತ. "ಮಠದಲ್ಲಿ ಕೇಳಿದ್ದೆ, ಆವಾಗ್ಲೇ. ಬುದ್ಧಿಯೋರು ನಾವು ಯಾರಿಗೂ ಅಂಥದ್ದು ಕೊಟ್ಟಿಲ್ವಲ್ಲಪ್ಪ ಅಂದ್ರು."

ಹೊರಗೆ ಯಾರೋ ದನ ಹೊಡೆದುಕೊಂಡು ಹೋದರು. ಗಂಟೆಯ ಸದ್ದು ಕೇರಿಯ ತುದಿಯವರೆಗೆ ಹೋಗಿ ನಿಂತಿತು. ಮತ್ತೆ ನನ್ನನ್ನೇಕೆ ಕೇಳಲಿಲ್ಲ ಎಂದಳು ತೀರ್ಥಮ್ಮ.

"ಏನಂತ ಕೇಳ್ಲಿ. ನಿಂಗೆ ನಾನು ಬ್ಯಾಡಾಗಿದೀನಿ, ಬಾಯ್ಬಿಟ್ಟು ಹೇಳಕ್ಕೆ ನಿಂಗೆ ಸಂಕೋಚ ಅನ್ಕೊಂಡೆ. ಹೊಗೆಸೊಪ್ಪಿನ ವಾಸ್ನೆ ಆಗ್ತಿರ್ಲಿಲ್ವೇನೋ ಅಂತ ಅದನ್ನೂ ಬಿಟ್ಟು ನೋಡ್ದೆ."

ತೀರ್ಥಮ್ಮನ ಕಣ್ಣು ಗೂಟದ ಮೇಲಿನ ಸಂಚಿಯ ಕಡೆ ಹೋಯಿತು. ಅದರ ವಾಸನೆ ಈಗ ಹೆಚ್ಚುಕಡಿಮೆ ಹೋಗೇಬಿಟ್ಟಿತ್ತು. ಕಳೆದ ವಾರ ಮೂಸಿದಾಗ ಬಟ್ಟೆಯ ಧೂಳಷ್ಟೇ ಸಿಕ್ಕಿತ್ತು. ಅದನ್ನು ಹೇಳಬೇಕು ಎಂದುಕೊಂಡಳು. ಇಬ್ಬರ ಎಡಗೈಯಲ್ಲೂ ಲಿಂಗವಿತ್ತು; ಇಳಿಸುವ ಹಾಗಿಲ್ಲ, ಏಳುವ ಹಾಗಿಲ್ಲ. ಅವನು ಬಲಗೈಯನ್ನು ಚಾಚಿದ. ಅದು ಗಾಳಿಯಲ್ಲಿ ಒಂದು ಗಳಿಗೆ ದಾರಿ ತಪ್ಪಿದಂತೆ ನಿಂತು, ಆಮೇಲೆ ಹಿಂಗೈಯಿಂದ ಅವಳ ಹಣೆ ಮುಟ್ಟಿತು, ಜ್ವರ ನೋಡುವವರ ಹಾಗೆ. ವಿಭೂತಿಯ ತಂಪು, ಕಾಯಿ ಹಿಡಿದು ಒರಟಾದ ಗೆಣ್ಣು.

"ಗುರುವಾರ ಮೊದಲನೇ ಬಸ್ಸಿಗೆ ಹೊರಡಾಣ," ಎಂದ.

ಮಾತು ಮುಗಿಯಿತು, ಅವನ ಕಣ್ಣು ಲಿಂಗದ ಮೇಲೇ ಇರುತ್ತದೆ, ಆಮೇಲೆ ಎಂದಿನಂತೆ ಅವನನ್ನು ನೋಡುತ್ತ ಕೂರಬಹುದು ಎಂದು ತೀರ್ಥಮ್ಮ ತಲೆಯೆತ್ತಿದಳು. ಅದು ಅಲ್ಲಿರಲಿಲ್ಲ. ಅಂಗೈಯ ಲಿಂಗವನ್ನು ಬಿಟ್ಟು, ರೆಪ್ಪೆ ಬಡಿಯದೆ, ಅವನು ಅವಳನ್ನು ನೋಡುತ್ತಿದ್ದ. ಎಷ್ಟು ಹೊತ್ತಿನಿಂದಲೋ. ಆ ನೋಟವನ್ನು ಏನು ಮಾಡಬೇಕೆಂದು ತಿಳಿಯದೆ, ಮದುಮಗಳ ಹಾಗೆ, ಅವಳು ತನ್ನ ಅಂಗೈಗೆ ಕಣ್ಣಿಳಿಸಿದಳು. ಕಪ್ಪು ನುಣುಪಿನ ಮೇಲೆ ಆ ಚುಕ್ಕಿ ಇತ್ತು. ಹೊಯ್ದಾಡುತ್ತಿತ್ತು. ಅದು ನಿಲ್ಲಲೆಂದು ಕಾಯುತ್ತ ಕೂತಳು.